ತಾಮ್ರದ ಮೇಲೆ ಮೂರು ಬೆರಳು

"ಸಿಕ್ತೇನವ್ವಾ?" ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ನಮ್ಮೂರು ಮಗ್ಗೆಯ ಹಾಲಿನ ಡೇರಿ ಮುಂದೆ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವರೂ ಸೌಟು ಹಿಡಿದು ನಿಂತು ಕೇಳುತ್ತಾರೆ. ತಪ್ಪಿಸಿಕೊಂಡ ಎಮ್ಮೆಕರು ಹುಡುಕಲು ಹೋಗಿದ್ದೆನೇನೋ ಎಂಬಂತೆ! ಸಿಕ್ಕಿಲ್ಲ ಕಣ್ರೀ. ಪ್ರಪಂಚದಲ್ಲಿ ಯಾರಿಗೂ ಸಿಕ್ಕಿಲ್ಲ. ಸಿಗಲಿಲ್ಲವೆಂದು ನನಗೆ ಸಿಟ್ಟೂ ಇಲ್ಲ. ನನ್ನ ಸಿಟ್ಟು ಬೇರೆಯದಕ್ಕೆ, ಅದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನಾವು ಹುಡುಕುತ್ತಿದ್ದುದು ಕಪ್ಪು ದ್ರವ್ಯ. ನಕ್ಷತ್ರಗಳ ದೊಡ್ಡ ದೊಡ್ಡ ಗುಂಪುಗಳನ್ನು ಚೆದುರಿಹೋಗದಂತೆ ತನ್ನ ತೂಕದಿಂದಲೇ ಹಿಡಿದಿಟ್ಟಿರುವ, ಆದರೆ ಬೆಳಕಿಗೆ ಸೊಪ್ಪು ಹಾಕದ ವಸ್ತು. ಅದರ ಕಣ ಭಾರವಾಗಿದ್ದರೆ ಪರಮಾಣುವಿನ ನಡುವಿನ ಬೀಜಕ್ಕೆ ಗುದ್ದಿ ಅದನ್ನು ಅಲುಗಿಸಬೇಕು. ಆ ಅಲುಗಾಟ ಕಾಯುತ್ತಾ ದೊಡ್ಡ ದೇಶಗಳು ನೆಲದಡಿ ತೊಟ್ಟಿ ಕಟ್ಟಿಕೊಂಡು ಕೂತಿವೆ. ಕಣ ತೀರಾ ಹಗುರವಾಗಿದ್ದರೆ ಬೀಜ ಜಪ್ಪಯ್ಯ ಅನ್ನುವುದಿಲ್ಲ. ಅಲುಗಿದರೆ ಎಲೆಕ್ಟ್ರಾನ್ ಅಲುಗೀತು, ಅದೂ ಸುಲಭವಾಗಿ ಬಿಟ್ಟುಬರುವಂಥ ಎಲೆಕ್ಟ್ರಾನ್. ಅಂಥವು ಇರುವುದು ಸಿಲಿಕಾನ್, ಜರ್ಮೇನಿಯಂ ಥರದ ಅರೆವಾಹಕಗಳಲ್ಲಿ.

ಇದನ್ನು ನಮ್ಮ ಅಪ್ಪಾಜಿಗೆ ನಾನು ಕಾಫಿ ಗಿಡದ ಹತ್ತಿರ ನಿಂತು ಹೇಳಿದ್ದೆ. "ಕಾಯಿ ಎಳುದ್ರೂ ಬರಲ್ಲ, ಹಣ್ಣಾದ್ದು ಬೆರಳು ತಾಕಿದ್ರೆ ಕಳಚ್ತದಲ್ಲ? ಇದರಲ್ಲಿ ಎಲೆಕ್ಟ್ರಾನು ಹಣ್ಣಾದ ಕಾಫಿ ಇದ್ದಂಗೆ. ಸಣ್ಣ ಕಣ ತಾಕಿದ್ರೂ ಕಳಚ್ಕೊತದೆ. ನಾವು ಹಂಗೆ ಕಳಚಿದ್ದನ್ನ ಒಂದೊಂದೇ ಎಣಿಸ್ತೀವಿ."

ಅಪ್ಪಾಜಿ ಯೋಚಿಸಿ, "ಗಾಳಿಗೂ ಉದುರ್ತವಲ್ಲವ್ವಾ ಹಣ್ಣಾದವು?" ಅಂದರು.

ಹೌದು, ಗೋಳೇ ಅದು. ಬಿಸಿ ತಾಕಿದರೂ ಎಲೆಕ್ಟ್ರಾನ್ ಕಳಚುತ್ತದೆ, ಬೆಳಕಿನ ಒಂದು ಹನಿ ಸೋರಿದರೂ ಕಳಚುತ್ತದೆ, ಸುತ್ತಲಿನ ಕಲ್ಲು ಮಣ್ಣಿನಲ್ಲಿರುವ ವಿಕಿರಣಕ್ಕೂ ಕಳಚುತ್ತದೆ. ಅದಕ್ಕಾಗಿ ನಮ್ಮ ಸಿಲಿಕಾನ್ ಬಿಲ್ಲೆಯನ್ನು ಮರಗಟ್ಟುವಷ್ಟು ತಣ್ಣಗೆ ಮಾಡಿ, ಆಸಿಡ್‌ನಲ್ಲಿ ತೊಳೆದ ತಾಮ್ರದ ಡಬ್ಬಿಯೊಳಗಿಟ್ಟು, ಡಬ್ಬಿಯ ಸುತ್ತ ಸೀಸದ ಇಟ್ಟಿಗೆಗಳ ಗೋಡೆ ಕಟ್ಟಿದ್ದೆವು. ಬಿಲ್ಲೆಯ ಪ್ರತಿಯೊಂದು ಚುಕ್ಕಿಯಲ್ಲಿ ಎಷ್ಟು ಎಲೆಕ್ಟ್ರಾನ್ ಬಿದ್ದಿದೆ ಎಂದು ಯಂತ್ರ ಒಂದೇ ಸಲಕ್ಕೆ ಹೇಳಿ ಮುಗಿಸುವುದಿಲ್ಲ. ಅನುಮಾನದ ಗಿರಾಕಿ ಬೆಲ್ಲದ ಪೊಟ್ಟಣವನ್ನು ಮತ್ತೆ ಮತ್ತೆ ತಕ್ಕಡಿಗೆ ಹಾಕಿಸುವಂತೆ ಅದೇ ಚುಕ್ಕಿಯನ್ನು ತೂಗಿ ತೂಗಿ ನೋಡುತ್ತದೆ. ಹಾಗಾಗಿಯೇ ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತಾಗುತ್ತದೆ.

ಇದೆಲ್ಲ ಇದ್ದದ್ದು ಮದ್ದಿನ ಮನೆಯಲ್ಲಿ. ಸಕಲೇಶಪುರದಿಂದ ಆಲೂರಿನ ಕಡೆ ಬರುವಾಗ ಒಂದು ಎಸ್ಟೇಟಿನ ಹಿಂದೆ ಗುಡ್ಡವನ್ನು ಕೊರೆದು ಮಾಡಿದ ಉದ್ದನೆಯ ಕೋಣೆ. ಹಿಂದೆ ಯಾವುದೋ ಕಾಲದಲ್ಲಿ ಬಂಡೆ ಸಿಡಿಸುವ ಮದ್ದನ್ನು ಇಲ್ಲಿ ಇಡುತ್ತಿದ್ದರಂತೆ. ಅದನ್ನು ಹುಡುಕಿದವಳು ನಾನು. ಎಸ್ಟೇಟಿನ ಮಾಲೀಕರ ಕೈಕಾಲು ಹಿಡಿದವಳು ನಾನು. ಬಾವಲಿ ಓಡಿಸಿ, ಗೋಡೆಗೆ ಬಣ್ಣ ಬಳಿಸಿ, ಜನರೇಟರ್ ಹೊರಿಸಿಕೊಂಡು ಬಂದವಳೂ ನಾನೇ. ತಲೆಯ ಮೇಲೆ ಗುಡ್ಡ ಇದ್ದರೆ ಆಕಾಶದಿಂದ ಬರುವ ಕಣಗಳ ಕಾಟ ಅಷ್ಟು ಕಡಿಮೆ. ನಮ್ಮ ಸಂಶೋಧನೆಯ ಮುಖ್ಯಸ್ಥರಿಗೆ, ನಾನು ಸರ್ ಎನ್ನುತ್ತಿದ್ದವರಿಗೆ, ಈ ಜಾಗ ಮೊದಲಿಂದಲೂ ಹಿಡಿಸಿರಲಿಲ್ಲ. "ಅಲ್ಲಿ ಕಾಫಿ ಬಿಟ್ಟರೆ ಏನಿದೆ ಅಮ್ಮಾ?" ಅನ್ನುತ್ತಿದ್ದರು. ಕಡೆಗೆ ಒಂದು ಮಾತಾಯಿತು. ಈ ಒಂದು ಓಟದಲ್ಲಿ, ಅಂದರೆ ಯಂತ್ರವನ್ನು ತಿಂಗಳುಗಟ್ಟಲೆ ಬಿಡದೆ ನಡೆಸುವ ಈ ಸರದಿಯಲ್ಲಿ, ಬೇಡದ ಎಣಿಕೆ ಕಡಿಮೆ ಬಂದರೆ ಯಂತ್ರ ನಮ್ಮ ಗುಡ್ಡದಲ್ಲೇ ಉಳಿಯುತ್ತದೆ, ಇನ್ನೂ ದೊಡ್ಡದೂ ಬರುತ್ತದೆ. ಕೆಟ್ಟರೆ ಕಟ್ಟಿಕೊಂಡು ಹೋಗುತ್ತಾರೆ. ನನಗೆ ಬೇಕಿದ್ದದ್ದು ಅದಿಷ್ಟೇ. ಅದು ಇಲ್ಲಿ ಉಳಿಯಬೇಕು.

ಓಟ ಶುರುವಾಗುವ ಮುಂಚೆ ಡಬ್ಬಿ ಬಿಚ್ಚಿ ತೊಳೆದು, ಮುಚ್ಚಳವನ್ನು ಪಕ್ಕದಲ್ಲಿಟ್ಟಿದ್ದೆವು. ಅಷ್ಟರಲ್ಲಿ ಆಯುಧಪೂಜೆ ಬಂತು. ಪೂಜೆ ಬೇಡ ಎಂದು ನಾನು ಹೇಳಬಹುದಿತ್ತು, ಹೇಳಲಿಲ್ಲ. ಈ ಸೀಮೆಯಲ್ಲಿ ಆಯುಧಪೂಜೆಯ ದಿನ ಪೂಜೆ ಕಾಣದ ಮೋಟರು, ಕತ್ತಿ, ಸ್ಕೂಟರು ಯಾವುದಿದೆ? ಜನರೇಟರಿನ ಹುಡುಗರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಎಲ್ಲರೂ ಮಾಡಲೇಬೇಕೆಂದರು. ಮಾಡುವುದಾದರೆ ಅಪ್ಪಾಜಿಯೇ ಮಾಡಬೇಕು. ಅವರು ಎಸ್ಟೇಟಿನಲ್ಲಿ ಪಲ್ಪರ್ ನೋಡಿಕೊಂಡವರು. ಪಲ್ಪರ್ ಎಂದರೆ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಪ್ರತಿ ವರ್ಷ ಅದರ ಪೂಜೆ ಅವರದೇ. ನಿವೃತ್ತರಾದ ಮೇಲೆ ಪೂಜೆ ಮಾಡಲು ಯಂತ್ರವಿಲ್ಲದೆ ಆ ಹಬ್ಬದಲ್ಲಿ ಮಂಕಾಗಿ ಕೂರುತ್ತಿದ್ದರು.

ನಾನು ಷರತ್ತು ಹಾಕಿದ್ದೆ. ಏನು ಹಚ್ಚಿದರೂ ಸೀಸದ ಗೋಡೆಯ ಹೊರಗೇ ಹಚ್ಚಬೇಕು. ಬಾಳೆಹಣ್ಣು ತರಕೂಡದು. ಅದರಲ್ಲಿ ಪೊಟ್ಯಾಸಿಯಂ ಇದೆ, ಪೊಟ್ಯಾಸಿಯಮ್ಮಿನ ಒಂದು ಪಾಲು ಸದಾ ವಿಕಿರಣ ಬಿಡುತ್ತಲೇ ಇರುತ್ತದೆ. ಪಕ್ಕದ ಸ್ಟೋರಿನಿಂದ ಪೊಟ್ಯಾಷ್ ಗೊಬ್ಬರದ ಚೀಲಗಳನ್ನೂ ಹಾಗೆಂದೇ ಖಾಲಿ ಮಾಡಿಸಿದ್ದೆ. "ಬಾಳೇಹಣ್ಣಿಲ್ದ ಪೂಜೆ ಎಂಥ ಪೂಜೆ ಮಾರಾಯ್ತಿ!" ಎಂದು ಗೊಣಗಿದರೂ ಅಪ್ಪಾಜಿ ತರಲಿಲ್ಲ. ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಬಂದರು. ಬಾಗಿಲಲ್ಲಿ ಮತ್ತೆ ಮೊಣಕೈ ತನಕ ಕೈ ತೊಳೆದುಕೊಂಡರು. ಸೀಸದ ಗೋಡೆಯ ಹೊರಮೈಗೆ ವಿಭೂತಿ ಹಚ್ಚಿ, ಹೂವಿಟ್ಟು, ಕರ್ಪೂರವನ್ನು ಬಾಗಿಲಾಚೆ ಬೆಳಗಿದರು. ಸರ್ ಕೂಡ ಬಂದಿದ್ದರು. ಹಣೆಗೆ ಅಡ್ಡಲಾಗಿ ವಿಭೂತಿ ಇಡಿಸಿಕೊಂಡು, ಅಪ್ಪಾಜಿಯ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ನಾನು ಹೊರಗೆ ಬೂದುಗುಂಬಳಕಾಯಿ ಒಡೆಸಿ, ಎಲ್ಲರಿಗೂ ಕಡ್ಲೆಪುರಿ ಹಂಚಿದೆ. ಒಳಗೆ ಬಂದಾಗ ಸರ್ ರೈಲಿಗೆ ಹೊತ್ತಾಯಿತೆಂದು ತಾವೇ ತಾಮ್ರದ ಮುಚ್ಚಳ ಎತ್ತಿ ಡಬ್ಬಿಗೆ ಕೂರಿಸಿ ತಿರುಪು ಬಿಗಿಯುತ್ತಿದ್ದರು. ಒಳಮೈ ನೋಡಿದಿರಾ ಸರ್ ಎಂದು ಕೇಳಿದೆ. "ನೋಡದೆ ಇರ್ತೀನಾ?" ಅಂದರು.

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಚಿತ್ರಗಳು ಬರತೊಡಗಿದವು. ಒಂದು, ಎರಡು, ಮೂರು ಎಲೆಕ್ಟ್ರಾನುಗಳ ಗುರುತು ಹಿಂದಿನ ಓಟಕ್ಕಿಂತ ಎಷ್ಟೋ ಹೆಚ್ಚು. ಸರ್ ಫೋನಿನಲ್ಲಿ ಕುಣಿದಾಡಿಬಿಟ್ಟರು. ಹಗುರ ಕಣ ಬಂದು ತಾಕಿದರೆ ಬೀಳಬೇಕಾದ ಗುರುತು ಹೀಗೇ ಇರಬೇಕು ಎಂದರು. ನಾನು ಹೇಳಿದೆ, "ಸರ್, ಅದೇ ಚಿತ್ರದಲ್ಲಿ ಎರೆಹುಳ ಹರಿದ ಹಾಗೆ ಉದ್ದ ಗೆರೆಗಳೂ ಜಾಸ್ತಿಯಾಗಿವೆ. ಅವು ಮಾಮೂಲಿ ವಿಕಿರಣದ ಗೆರೆಗಳು. ಕಪ್ಪು ದ್ರವ್ಯ ಎರೆಹುಳ ಬಿಡಲ್ಲ."

"ಅದು ಬೇರೆ, ಇದು ಬೇರೆ" ಅಂದರು.

ಹೇಗೆ ಬೇರೆಯಾಗುತ್ತದೆ? ವಿಕಿರಣ ಸುತ್ತಲಿನ ವಸ್ತುವನ್ನು ಹಾಯುವಾಗ ಅಲ್ಲಲ್ಲಿ ಸಣ್ಣಗೆ ಬೆಳಕು ಮಿಣುಕುತ್ತದೆ. ಆ ಮಿಣುಕು ಸಿಲಿಕಾನಿಗೆ ಬಿದ್ದರೆ ಒಂದೆರಡು ಎಲೆಕ್ಟ್ರಾನ್ ಕಳಚಿ, ಥೇಟ್ ಕಪ್ಪು ದ್ರವ್ಯದ ವೇಷ ಹಾಕಿಕೊಂಡು ಕೂರುತ್ತದೆ. ನನಗಿಂತ ಚೆನ್ನಾಗಿ ಅವರಿಗೇ ಗೊತ್ತು, ನನಗೆ ಕಲಿಸಿದವರೇ ಅವರು! ಗೊತ್ತಿದ್ದೂ ಬೇಡವೆಂದು ಕಣ್ಣು ಮುಚ್ಚಿಕೊಂಡವರಿಗೆ ಏನು ಹೇಳುವುದು?

ಸಕಲೇಶಪುರಕ್ಕೇ ಬಂದರು. ಹೋಟೆಲಿನಲ್ಲಿ ಅಕ್ಕಿರೊಟ್ಟಿ ಹೇಳಿ, ಮುಂದಿನ ಸಭೆಯಲ್ಲಿ ಸಾರಿಬಿಡೋಣ, ಲೇಖನದಲ್ಲಿ ಎರಡನೇ ಹೆಸರು ನಿಮ್ಮದೇ, ಮದ್ದಿನ ಮನೆ ಜಗತ್ತಿಗೆಲ್ಲ ಗೊತ್ತಾಗುತ್ತದೆ ಎಂದರು. ಅಲ್ಲಿ ಕಾಫಿ ಬಿಟ್ಟರೆ ಏನಿದೆ ಎಂದಿದ್ದ ಬಾಯಿ ಅದು. ನಾನು, ಡಬ್ಬಿ ಬಿಚ್ಚಿ ನೋಡಿದ ಮೇಲೆ ಸಾರೋಣ ಸರ್ ಎಂದೆ.

"ಬಿಚ್ಚಬೇಡಿ. ಬಿಚ್ಚಿದರೆ ಸಿಗ್ನಲ್ ಸತ್ತುಹೋಗುತ್ತೆ."

"ನಿಜವಾದ ಸಿಗ್ನಲ್ ಆಗಿದ್ರೆ ಡಬ್ಬಿ ಬಿಚ್ಚಿದರೆ ಸಾಯಲ್ಲ ಸರ್."

ಅವರು ರೊಟ್ಟಿಯ ತಟ್ಟೆಯನ್ನು ಅತ್ತ ತಳ್ಳಿದರು. ನನಗೂ ಎಂಥಾ ಕೋಪ ಬಂದಿತ್ತೆಂದರೆ ಚಟ್ನಿಯ ಖಾರ ನಾಲಿಗೆಗೆ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಬೇಕಾದದ್ದೆಲ್ಲ ಸಿಗುತ್ತಿತ್ತು. ಯಂತ್ರ ಇಲ್ಲೇ ಉಳಿಯುತ್ತಿತ್ತು, ದೊಡ್ಡದೂ ಬರುತ್ತಿತ್ತು. ಒಂದು ಸುಳ್ಳಿನ ಮೇಲೆ ನನ್ನ ಊರಿನ ಹೆಸರು ಕೆತ್ತಿಸುವುದೇ? ಥೂ! ಅವರು ರೈಲು ಹತ್ತಿ ಹೋದ ಮೇಲೆ ಫೋನು ಮಾಡಿ, ತಣ್ಣಗಾಗಿಸುವ ಯಂತ್ರ ನಿಲ್ಲಿಸುತ್ತಿದ್ದೇನೆ, ಡಬ್ಬಿ ಬಿಚ್ಚುತ್ತೇನೆ ಎಂದು ಹೇಳಿಯೇ ಬಿಚ್ಚಿದೆ. ಅವರು ಆ ತುದಿಯಲ್ಲಿ ಕೂಗಾಡುತ್ತಲೇ ಇದ್ದರು.

ಮುಚ್ಚಳ ಎತ್ತಿ ತಿರುಗಿಸಿದೆ. ಒಳಮೈಯಲ್ಲಿ, ಸರಿಯಾಗಿ ಸಿಲಿಕಾನಿನ ನೆತ್ತಿಯ ಮೇಲೆ ಬರುವ ಕಡೆ, ಮೂರು ಪಟ್ಟೆ. ಬೂದಿಬಣ್ಣದ ವಿಭೂತಿ. ನಡುವಿನ ಪಟ್ಟೆ ಒಂದು ಕಡೆ ತುಂಡಾಗಿತ್ತು. ಅಪ್ಪಾಜಿಯ ನಡುಬೆರಳಿನ ತುದಿಯನ್ನು ಪಲ್ಪರ್ ಯಾವತ್ತೋ ಕಚ್ಚಿಕೊಂಡು ಹೋಗಿದೆ. ಅವರ ಹಣೆಯ ಮೇಲಿನ ನಡುಪಟ್ಟೆಯೂ ಹಾಗೇ ತುಂಡಾಗಿರುತ್ತದೆ. ಹುಟ್ಟಿದಾಗಿನಿಂದ ನೋಡಿದ ಪಟ್ಟೆ, ಯಾರದೆಂದು ಕೇಳುವ ಹಾಗೇ ಇರಲಿಲ್ಲ.

ಆಗ ಎಲ್ಲ ಹೊಳೆಯಿತು. ಹುಲ್ಲು ಮಣ್ಣಿನಿಂದ ಪೊಟ್ಯಾಷ್ ಹೀರುತ್ತದೆ, ಹಸು ಹುಲ್ಲು ತಿನ್ನುತ್ತದೆ, ಸಗಣಿ ಸುಟ್ಟರೆ ಅದು ಬೂದಿಯಲ್ಲೇ ಉಳಿಯುತ್ತದೆ. ಅಂಗಡಿಯ ವಿಭೂತಿಯಾಗಿದ್ದರೆ ಬಹುಶಃ ಬರೀ ಸುಣ್ಣದ ಪುಡಿ. ನಮ್ಮದು ಮನೆಯಲ್ಲಿ ಮಾಡಿದ್ದು. ಅಜ್ಜಿ ಇದ್ದಾಗ ಬೂದಿಯನ್ನು ನೀರಿನಲ್ಲಿ ಕಲಸಿ, ತಿಳಿ ಬಗ್ಗಿಸಿ, ಮತ್ತೆ ನೀರು ಹಾಕಿ, ಬೆಳ್ಳಗಾಗುವವರೆಗೆ ತೊಳೆಯುತ್ತಿದ್ದರು. ಪೊಟ್ಯಾಷ್ ಆ ನೀರಿನಲ್ಲೇ ಕರಗಿ ಹೋಗುತ್ತಿತ್ತು. ಅಪ್ಪಾಜಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬಟ್ಟೆಯಲ್ಲಿ ಜರಡಿ ಹಿಡಿದು, ಉಂಡೆ ಕಟ್ಟಿ ಒಣಗಿಸಿಬಿಡುತ್ತಾರೆ. ಬಾಳೆಹಣ್ಣನ್ನು ಬಾಗಿಲಲ್ಲೇ ತಡೆದವಳು ನಾನು, ಅದರ ಅಪ್ಪನಂಥದ್ದು ಡಬ್ಬಿಯ ಒಳಗೇ ಕೂತಿತ್ತು!

ಸ್ಕೂಟರಿನಲ್ಲಿ ಮಗ್ಗೆಗೆ ಹೋದವಳು ಚಪ್ಪಲಿ ಕೂಡ ಬಿಡದೆ ಕೂಗಿದೆ. "ಅಪ್ಪಾಜಿ, ಮುಚ್ಚಳದ ಒಳಗೆ ಯಾಕೆ ಹಚ್ಚಿದ್ರಿ? ಹೊರಗೆ ಹಚ್ಚಿ ಅಂತ ಬಡ್ಕೊಂಡಿದ್ನಲ್ಲ!"

ಜಗಲಿಯಲ್ಲಿ ಕಾಳುಮೆಣಸು ಹರವುತ್ತಿದ್ದವರು ಕತ್ತೆತ್ತಿದರು. "ಹೊರ್ಗೂ ಹಚ್ಚಿದ್ನಲ್ಲವ್ವಾ."

"ಒಳಗ್ಯಾಕೆ?"

"ಹೊರ್ಗಿನ್ದು ಕಾವ್ಲು ಕಣವ್ವ. ಕೆಲ್ಸ ಮಾಡೋದು ಒಳ್ಗಿನ ತಾಮ್ರ. ಪಲ್ಪರ್‌ನಾಗೂ ಹಂಗೇಯ. ಮ್ಯಾಲಿನ ತಗಡಿಗೆ ಹಚ್ಚಿದ್ರೆ ನೋಡೋರಿಗೆ ಚೆಂದ ಅಷ್ಟೇ. ಒಳಗಿರೋ ಡ್ರಮ್ಮಿನ ತಾಮ್ರಕ್ಕೆ ಹಚ್ಬೇಕು. ನಾನು ಇರೋಗಂಟ ಒಂದ್ ವರ್ಸಾನೂ ಪಲ್ಪರ್ ಕೈ ಕೊಟ್ಟಿಲ್ಲ."

ಅವರ ಲೆಕ್ಕದಲ್ಲಿ ಎಲ್ಲ ಸರಿಯಾಗೇ ಇತ್ತು, ನನ್ನ ಸಿಟ್ಟನ್ನು ಇನ್ನೂ ಏರಿಸಿದ್ದು ಅದೇ. ತಾಮ್ರ ಕಂಡರು, ಕೆಲಸ ಮಾಡುವುದು ಇದೇ ಎಂದುಕೊಂಡರು, ಮಗಳ ಯಂತ್ರಕ್ಕೆ ಒಳ್ಳೆಯದಾಗಲಿ ಎಂದು ಯಾರೂ ಅಳಿಸದ ಜಾಗ ಹುಡುಕಿ ಹಚ್ಚಿದರು. "ನನ್ನ ವರ್ಷದ ಕೂಳಿಗೆ ಮಣ್ಣು ಹಾಕಿದ್ರಿ" ಎಂದೆ. ಅಪ್ಪಾಜಿ ಮೆಣಸು ಹರವುತ್ತಲೇ ಇದ್ದರು. ಆವತ್ತಿನಿಂದ ನಮ್ಮಿಬ್ಬರಿಗೆ ಮಾತು ನಿಂತಿತು. ಅವರು ಊಟಕ್ಕೆ ಕೂತಾಗ ನಾನು ಎದ್ದು ಹೋಗುತ್ತಿದ್ದೆ.

ಸರ್ ಏನಂದರು ಗೊತ್ತೇ? ಒಂದು ಚಿಟಿಕೆ ಬೂದಿಯಿಂದ ಇಷ್ಟೆಲ್ಲ ಆಗುತ್ತದೆಂದು ಯಾರೂ ನಂಬುವುದಿಲ್ಲ, ತೋರಿಸಿ ಎಂದರು. ಸರಿ, ತೋರಿಸುತ್ತೇನೆ. ತಾಮ್ರವನ್ನು ಮತ್ತೆ ಆಸಿಡ್‌ನಲ್ಲಿ ತೊಳೆದು, ಮುಚ್ಚಿ, ತಣ್ಣಗಾಗಿಸಿ ನೋಡಿದೆ. ಎಣಿಕೆ ಪಾತಾಳಕ್ಕೆ ಇಳಿಯಿತು. ನಮ್ಮ ಯಂತ್ರ ಯಾವತ್ತೂ ಅಷ್ಟು ಸುಮ್ಮನೆ ಕೂತಿರಲಿಲ್ಲ. ಮದ್ದಿನ ಮನೆ ಒಳ್ಳೆಯ ಜಾಗ ಎಂಬುದಕ್ಕೆ ಇನ್ನೇನು ಬೇಕು? ಆದರೆ ಅಷ್ಟು ಸಾಲದು. ಅದೇ ಬೂದಿ, ಅದೇ ಜಾಗದಲ್ಲಿ, ಅಷ್ಟೇ ಹಚ್ಚಿದರೆ ಎಣಿಕೆ ಅಷ್ಟೇ ಏರಬೇಕು. ಹಾಗೆ ಹಚ್ಚಲು ಅಪ್ಪಾಜಿಯ ವಿಭೂತಿ ಬೇಕು, ಅಪ್ಪಾಜಿಯ ಬೆರಳೂ ಬೇಕು.

ಕೇಳಲು ನಾಲಿಗೆ ಏಳಲಿಲ್ಲ. ಕಡೆಗೆ ಅವರ ಮುಂದೆ ಕಾಫಿ ಲೋಟ ಇಟ್ಟು, ಗೋಡೆ ನೋಡುತ್ತಾ ಹೇಳಿದೆ. "ಇನ್ನೊಂದು ಸಲ ಹಚ್ಚಬೇಕಂತೆ."

"ಯಾರಂತೆ?"

"ನಾನೇ."

ಅಪ್ಪಾಜಿ ಲೋಟ ಕೆಳಗಿಟ್ಟು, "ಒಳ್ಗೋ ಹೊರ್ಗೋ?" ಎಂದರು. ನನಗೆ ನಗು ಬಂತು, ಆ ಸಿಟ್ಟಿನಲ್ಲೂ.

ಬಂದರು. ಅದೇ ಮಡಿ ಪಂಚೆ. ಅದರ ಮೇಲೆ ನಾನು ಬಿಳಿ ನಿಲುವಂಗಿ ತೊಡಿಸಿ, ತಲೆಗೆ ಟೋಪಿ ಹಾಕಿದೆ. ಕೈ ತೊಳೆಯಿರಿ ಎಂದಿದ್ದಕ್ಕೆ, ಬೆರಳ ಸಂದಿ, ಉಗುರು, ಮೊಣಕೈ ಎಲ್ಲ ಉಜ್ಜಿ ಉಜ್ಜಿ ತೊಳೆದರು. ಸಾಕು ಅಪ್ಪಾಜಿ ಎಂದರೂ ಮತ್ತೊಮ್ಮೆ ತೊಳೆದರು. ಆಮೇಲೆ ವಿಭೂತಿಗೆ ಬೆರಳು ಒತ್ತಿ, ಕಣ್ಣು ಮುಚ್ಚಿ, ತಾಮ್ರದ ಮೇಲೆ ಎಳೆದರು. ನಡುವಿನ ಪಟ್ಟೆ ಅದೇ ಕಡೆ ತುಂಡಾಯಿತು. ಈ ಸಲ ಮುಚ್ಚಳ ಮುಚ್ಚಿದವಳು ನಾನು, ನೋಡಿಯೇ ಮುಚ್ಚಿದೆ.

ಎಣಿಕೆ ಏರಿತು. ಮೊದಲಿನಷ್ಟೇ ಏರಿತು, ಎರೆಹುಳಗಳ ಸಮೇತ. ಅಪ್ಪಾಜಿಗೆ ಹೋಗಿ ಹೇಳಿದೆ. "ಹಂಗಾರೆ ನಿನ್ ಮಿಷೀನು ನನ್ ಕೈ ನೋಡ್ತು ಅನ್ನು" ಎಂದು ಹಿಗ್ಗಿಹೋದರು. ಮಗ್ಗೆ ಪೂರ್ತಿ ಸಾರಿಕೊಂಡು ಬಂದರು. ಆಕಾಶದ್ದು ಕಾಣದಿದ್ದರೂ ನನ್ನ ಕೈ ಕಂಡಿತಂತೆ ಎಂದು ಡೇರಿಯಲ್ಲಿ ಕೂತು ಹೇಳಿದರಂತೆ. ನಾನೂ ಸುಮ್ಮನೆ ಬಿಟ್ಟೆ. ಅಷ್ಟು ಸೂಕ್ಷ್ಮ ಯಂತ್ರ ನಮ್ಮ ಗುಡ್ಡದಲ್ಲಿದೆ ಎಂದು ನನಗೂ ಒಳಗೊಳಗೇ ಜಂಬ ಬಂದಿತ್ತು. ಇನ್ನು ಇದನ್ನು ಇಲ್ಲಿಂದ ಯಾರೂ ಕೀಳುವಂತಿಲ್ಲ ಎಂದುಕೊಂಡೆ.

ಹೂಮಳೆ ಬಂದು, ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗಿದ್ದಾಗ ಲಾರಿ ಬಂತು. ಹೇಳದೆ ಕೇಳದೆ ಬಂತು. ಜತೆಗೆ ಸರ್ ಬರೆದ ಲೇಖನದ ಕರಡು ಬಂತು. ಏರಿಕೆಗೆ ಕಾರಣ ಸ್ಥಳೀಯ ಮಾಲಿನ್ಯ, ಇಂಥ ಸೂಕ್ಷ್ಮ ಪ್ರಯೋಗಕ್ಕೆ ಈ ಸ್ಥಳ ಯೋಗ್ಯವಲ್ಲ ಎಂದು ಬರೆದಿದ್ದರು. ತೊಳೆದ ಮೇಲೆ ಎಣಿಕೆ ಪಾತಾಳಕ್ಕಿಳಿದ ಮಾತಿಲ್ಲ. ಮುಚ್ಚಳವನ್ನು ನೋಡದೆ ಮುಚ್ಚಿದ್ದು ಯಾರು ಎಂಬ ಮಾತಿಲ್ಲ. ಹಣೆಗೆ ಅದೇ ಬೂದಿ ಇಡಿಸಿಕೊಂಡು ಹಲ್ಲು ಕಿರಿದ ಫೋಟೋ ಮಾತ್ರ ಅವರ ಆಫೀಸಿನ ಗೋಡೆಯ ಮೇಲೆ ಈಗಲೂ ಇದೆ. ಫೋನು ಮಾಡಿ ಕೇಳಿದೆ, ಯಾರ ಮಾಲಿನ್ಯ ಸರ್? ನಮ್ಮ ಅಪ್ಪನ ಬೆರಳೋ ನಿಮ್ಮ ಅವಸರವೋ? "ಭಾವುಕರಾಗಬೇಡಿ, ಅದು ಶಾಸ್ತ್ರದ ಪದ" ಅಂದರು. ಹಾಗಾದರೆ ನಿಮ್ಮ ಶಾಸ್ತ್ರದಲ್ಲಿ ಅವಸರಕ್ಕೆ ಯಾವ ಪದವಿದೆ ಎಂದು ಕೇಳಿದೆ. ಫೋನು ಇಟ್ಟುಬಿಟ್ಟರು. ನಾನು ಲೇಖನದಿಂದ ನನ್ನ ಹೆಸರು ತೆಗೆಸಿದೆ. ಅದರಿಂದ ಅವರಿಗೇನೂ ಆಗಲಿಲ್ಲ ಬಿಡಿ.

ಸೀಸದ ಇಟ್ಟಿಗೆಗಳು ಒಂದೊಂದಾಗಿ ಲಾರಿ ಹತ್ತಿದವು. ಅಪ್ಪಾಜಿಯೂ ಬಂದು ನಿಂತಿದ್ದರು. ಮಡಿ ಪಂಚೆ ಇರಲಿಲ್ಲ, ಮನೆಯ ಲುಂಗಿಯಲ್ಲೇ ಬಂದಿದ್ದರು. ತಾಮ್ರದ ಡಬ್ಬಿ ಪೆಟ್ಟಿಗೆಯೊಳಗೆ ಹೋಗುವುದನ್ನು ನೋಡುತ್ತಾ ಕೇಳಿದರು.

"ಪೇಪರ್‌ನಾಗೆ ನಮ್ ವಿಸ್ಯ ಬರ್ದವ್ರಂತೆ? ಏನಂತ ಬರ್ದವ್ರೆ?"

ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಬೇಡವೆಂದೇ ಅಲ್ಲವೇ ನಾನು ಆ ಡಬ್ಬಿ ಬಿಚ್ಚಿದ್ದು? ಮೈಯೆಲ್ಲ ಉರಿಯುತ್ತಿತ್ತು, ಬಾಯಿಗೆ ಬಂದದ್ದನ್ನು ಹಾಗೇ ಹೇಳಿಬಿಟ್ಟೆ.

"ಕೊಳೆ ಅಂತ ಬರ್ದವ್ರೆ ಅಪ್ಪಾಜಿ. ಇಲ್ಲಿನೋರ ಕೊಳೆ ಅಂತ."

ಅಪ್ಪಾಜಿ ತಮ್ಮ ಬಲಗೈಯನ್ನು ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ತೊಳ್ಕಂಡೇ ಹಚ್ಚಿದ್ನಲ್ಲವ್ವಾ" ಅಂದರು.